ಅಪ್ಪ ಪಾಪ

ಪಾಪ ಎಂದಿದ್ದಳೋ, ಪಾಪ್ಪಾ ಎಂದಿದ್ದಳೋ? ಒಂದು ಒತ್ತಕ್ಷರದ ಅಂತರ. ಇಷ್ಟಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ? ಆ ಕೌನ್ಸೆಲಿಂಗ್ ಮೇಡಂ ವರ್ಷಗಟ್ಟಲೆ ಮಕ್ಕಳ ಮಾತು ಕೇಳಿ ಪಳಗಿದವರು. ಅವರ ಕಿವಿಗೆ ಪಾಪ್ಪಾ ಎಂದು ಬಿದ್ದಿದ್ದರೆ ಪಾಪ್ಪಾ ಎಂದೇ ಇರಬೇಕು. ಇಲ್ಲದಿದ್ದರೆ? ಈ ‘ಇಲ್ಲದಿದ್ದರೆ’ಯ ಹತ್ತಿರ ಬಂದಾಗಲೆಲ್ಲ ಅರವಿಂದನ ಯೋಚನೆ ನಿಂತುಬಿಡುತ್ತಿತ್ತು.

“ಅಪ್ಪಾ, ಉಪ್ಪಿಟ್ಟು ಆರಿಹೋಯ್ತು,” ಎಂದಳು ಇನಿಯಾ.

“ಅವನಿಗೆ ಆರಿದ್ದೇನು, ಬಿಸಿಯೇನು. ತಟ್ಟೇಲಿ ಮಣ್ಣು ಹಾಕಿಕೊಟ್ರೂ ತಿಂದು ಎದ್ದು ಹೋಗ್ತಾನೆ,” ಎಂದು ಅವನ ತಾಯಿ ರಾಧಮ್ಮ ಒಳಗಿನಿಂದ ಅಂದರು.

ನಡೆದದ್ದು ಇಷ್ಟು. ಅರವಿಂದ, ಗೋಮತಿ ಇಬ್ಬರೂ ಒಪ್ಪಿ ರುಜು ಹಾಕಿ ವಿಚ್ಛೇದನ ಪಡೆದಿದ್ದರು. ಹೊಡೆತವಿಲ್ಲ, ಕುಡಿತವಿಲ್ಲ. “ಗೋಡೆಗೆ ಹೇಳಿದ್ರೂ ಒಂದು ಎದುರುದನಿ ಬರುತ್ತೆ, ಇವರಿಂದ ಅದೂ ಇಲ್ಲ” ಎಂಬುದೊಂದೇ ಗೋಮತಿ ಒಂಬತ್ತು ವರ್ಷ ಹೇಳಿದ ದೂರು. ಪಾತ್ರೆ, ಬೀರು, ಒಡವೆ ಯಾವುದಕ್ಕೂ ಜಗಳವಾಗಲಿಲ್ಲ. ಎಂಟು ವರ್ಷದ ಮಗಳು ಮಾತ್ರ ಉಳಿದಳು. ಒಂದೂವರೆ ವರ್ಷದಿಂದ ಅವಳು ತಾಯಿಯ ತವರಾದ ವೆಳ್ಳಕೋಯಿಲಿನಲ್ಲಿದ್ದಳು, ತಾಯಿ ಪಾಠ ಹೇಳುವ ಶಾಲೆಯಲ್ಲೇ ಓದುತ್ತಿದ್ದಳು. ಮಗಳು ನನ್ನ ಜೊತೆ ಇರಲಿ ಎಂದು ಅರವಿಂದ ಅರ್ಜಿ ಹಾಕಿದ. ಅವನು ಬಾಯಿ ಬಿಟ್ಟು ಕೇಳಿದ ವಸ್ತು ಜೀವಮಾನದಲ್ಲಿ ಅದೊಂದೇ ಇರಬೇಕು.

ಜೂನ್ ಮೊದಲ ವಾರ ಕುಟುಂಬ ನ್ಯಾಯಾಲಯದಲ್ಲಿ ಮಲ್ಲಿಗಾ ಎಂಬ ಆಪ್ತಸಮಾಲೋಚಕಿ ಮಗುವನ್ನು ಒಬ್ಬಳನ್ನೇ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂದು, ಕಾರಿಡಾರಿನ ತುದಿಯಲ್ಲಿ ನಿಂತಿದ್ದ ಅರವಿಂದನಿಗೆ ತಮಿಳಿನಲ್ಲಿ ಹೇಳಿದರು: “ಯಾರ ಜೊತೆ ಇರ್ತೀಯ ಕಣ್ಣು ಅಂತ ಕೇಳಿದೆ ಸಾರ್. ಮೊದಲು ಫ್ರಾಕಿನ ಅಂಚು ತಿರುಚ್ತಾ ಕೂತಿದ್ದಳು. ಆಮೇಲೆ ಅಳೋಕೆ ಶುರು ಮಾಡಿ ‘ಅಪ್ಪಾ ಪಾಪ್ಪಾ, ಅಪ್ಪಾ ಪಾಪ್ಪಾ’ ಅಂದಳು. ಮೂರು ಸಲ. ಇದಕ್ಕಿಂತ ಬೇರೆ ಏನು ಬೇಕು?”

ತಮಿಳಿನಲ್ಲಿ ಪಾಪ್ಪಾ ಎಂದರೆ ಕೂಸು. ಅಪ್ಪನ ಕೂಸು.

ಆದರೆ ಸಿಂಗಾನಲ್ಲೂರಿನ ಅರವಿಂದನ ಮನೆಯಲ್ಲಿ ಇನ್ನೊಂದು ಪದವಿತ್ತು. ಮೂರು ತಲೆಮಾರಿನಿಂದ ಕೊಯಮತ್ತೂರಿನವರೇ ಆಗಿದ್ದರೂ ಹೊಸಿಲಿನೊಳಗೆ ಅವರು ಆಡುವುದು ಕನ್ನಡ. ಅರವಿಂದನ ತಾಯಿ ರಾಧಮ್ಮನ ಬಾಯಲ್ಲಿ ಆ ಪದ ದಿನಕ್ಕೆ ನೂರು ಸಲ ಬರುತ್ತಿತ್ತು. ಕುಂಟುವ ನಾಯಿ ಪಾಪ, ಬಿಸಿಲಲ್ಲಿ ಬಂದ ಕೊರಿಯರ್‌ನವನು ಪಾಪ, ಸೀರಿಯಲ್ಲಿನ ಸೊಸೆ ಪಾಪ. ಇನಿಯಾ ಮಾತು ಕಲಿಯುವಾಗ ಮೊದಲು ಹಿಡಿದ ಹತ್ತು ಪದಗಳಲ್ಲಿ ಅದೂ ಒಂದು. ಅಳು ಬಂದರೆ ಅವಳು ತಮಿಳು ಬಿಟ್ಟು ಅಜ್ಜಿಯ ಭಾಷೆಗೆ ಜಾರುತ್ತಾಳೆ ಎಂಬುದೂ ಅರವಿಂದನಿಗೆ ಗೊತ್ತಿತ್ತು.

ಕಾರಿಡಾರಿನಲ್ಲಿ ಅವನು, “ಮೇಡಂ,” ಎಂದ.

“ಹೇಳಿ ಸಾರ್.”

“ಥ್ಯಾಂಕ್ಸ್ ಮೇಡಂ,” ಎಂದ.

ವರದಿಯಲ್ಲಿ ಆ ಮಾತು ಇನ್ನೂ ನೇರ್ಪಾಯಿತು. ‘ನಾನು ಅಪ್ಪನ ಪಾಪ್ಪಾ ಎಂದು ಮಗು ಹೇಳಿತು’ ಎಂದು ಒಳ್ಳೆಯ ತಮಿಳು ವಾಕ್ಯವಾಗಿ ಕೂತಿತು. ಅದರೊಳಗೆ ಕನ್ನಡದ ಸುಳಿವೇ ಉಳಿಯಲಿಲ್ಲ. ನಗರದ ಶಾಲೆ, ಮನೆಯಲ್ಲಿ ಅಜ್ಜಿ, ಎಲ್ಲಕ್ಕಿಂತ ಮಿಗಿಲಾಗಿ ಮಗುವಿನ ಬಾಯಿಂದಲೇ ಬಂದ ಮಾತು, ಇಷ್ಟನ್ನು ನೋಡಿ ಕೋರ್ಟು ಸೆಪ್ಟೆಂಬರಿನ ತ್ರೈಮಾಸಿಕ ಪರೀಕ್ಷೆ ಮುಗಿಯುವವರೆಗೆ ಇನಿಯಾ ತಂದೆಯ ಹತ್ತಿರ ಇರಲಿ ಎಂದಿತು. ಎರಡನೆಯ, ನಾಲ್ಕನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಭಾನುವಾರ ಸಂಜೆ ಐದರವರೆಗೆ ತಾಯಿ ಕರೆದುಕೊಂಡು ಹೋಗಬಹುದು. ಕಡೆಯ ತೀರ್ಮಾನ ಆಮೇಲೆ.

ಅರವಿಂದನ ಕೆಲಸ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ. ಹೊರದೇಶಕ್ಕೆ ಹೋಗುವ ಅಂಗಿಗಳ ಕುತ್ತಿಗೆಗೆ ಹೊಲಿಯುವ ಲೇಬಲ್ಲಿನ ಅಕ್ಷರ ತಿದ್ದುವುದು. ಜುಲೈಯಲ್ಲಿ ಒಂದು ಜರ್ಮನ್ ಲೇಬಲ್ಲಿನಲ್ಲಿ ‘ಬೇಡ’ ಎಂಬ ಪದವೊಂದು ಬಿಟ್ಟುಹೋಗಿ ‘ಬಿಸಿನೀರಿನಲ್ಲಿ ಒಗೆಯಿರಿ’ ಎಂದಾಗಿತ್ತು. ಅವನು ಹಿಡಿದ. ಮ್ಯಾನೇಜರ್ ಕುಪ್ಪುಸಾಮಿ ಬೆನ್ನು ತಟ್ಟಿ, “ನಿನ್ನ ಕಣ್ಣು ತಪ್ಪಿಸಿ ಒಂದು ಚುಕ್ಕಿ ಆಚೆ ಹೋಗಲ್ಲಪ್ಪ,” ಎಂದರು. ಅವರು ಹೋದ ಮೇಲೆ ಅರವಿಂದ ಲೇಬಲ್ಲಿನ ಅಂಚಿನಲ್ಲಿ ಆ ಎರಡು ಪದಗಳನ್ನು ಬರೆದು ನೋಡೋಣವೆಂದು ಪೆನ್ನು ಎತ್ತಿದ. ಪಾಪ್ಪಾ ಎಂದು ತಮಿಳಿನಲ್ಲಿ ಬರೆದ. ಇನ್ನೊಂದನ್ನು ಬರೆಯಲು ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಮನೆಯ ಭಾಷೆ ಅವನಿಗೆ ಕಿವಿಯಲ್ಲಿ ಮಾತ್ರ ಇತ್ತು.

ದಿನಗಳು ಜಡೆಯಿಂದ ಶುರುವಾಗುತ್ತಿದ್ದವು. ಶಾಲೆಗೆ ಎರಡು ಜಡೆ, ಮಡಿಸಿ ಕಟ್ಟಿ ನೀಲಿ ರಿಬ್ಬನ್. ರಾಧಮ್ಮನ ಬೆರಳಿನ ಗಂಟುಗಳು ಊದಿಕೊಂಡಿದ್ದವು, ಬಾಚಣಿಗೆ ಹಿಡಿಯಲಾಗುತ್ತಿರಲಿಲ್ಲ. ಅರವಿಂದನೇ ಕಲಿತ. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ.

“ಒಂದು ಗಡಿಯಾರ ಹತ್ತು ಗಂಟೆ, ಇನ್ನೊಂದು ನಾಲ್ಕು ಗಂಟೆ ತೋರಿಸ್ತಿದೆ,” ಎಂದು ರಾಧಮ್ಮ ನಕ್ಕರು.

ಇನಿಯಾ ಕನ್ನಡಿ ನೋಡಿಕೊಂಡು, “ಪರವಾಯಿಲ್ಲಪ್ಪ. ಚೆನ್ನಾಗಿದೆ,” ಎಂದಳು.

ಶಾಲೆಯ ಗೇಟಿನ ಪಕ್ಕದ ಮರದ ಹಿಂದೆ ನಿಂತು ಅವಳು ರಿಬ್ಬನ್ ಬಿಚ್ಚಿ, ಬೇರೆ ಹುಡುಗಿಯ ಕೈಯಲ್ಲಿ ಕಟ್ಟಿಸಿಕೊಳ್ಳುವುದನ್ನು ಅವನು ಒಂದು ದಿನ ಗಾಡಿ ತಿರುಗಿಸುವಾಗ ಕಂಡ. ಸಂಜೆ ಮನೆಗೆ ಬಂದಾಗ ಜಡೆಗಳು ಮತ್ತೆ ಹತ್ತು ಗಂಟೆ, ನಾಲ್ಕು ಗಂಟೆಯಲ್ಲೇ ಇದ್ದವು. ಬರುವ ಮುಂಚೆ ಹಾಳು ಮಾಡಿಕೊಂಡು ಬಂದಿದ್ದಳು.

ಜುಲೈ ಕೊನೆಯಲ್ಲಿ ಅರವಿಂದನ ವಕೀಲ ಪ್ರೇಮ್ ಕುಮಾರ್ ತಾಯಿ, ಮಗ ಇಬ್ಬರನ್ನೂ ಕರೆಸಿದರು. ರಾಧಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು ಮದುವೆಗೆ ಹೊರಟವರಂತೆ ಹೊರಟರು.

“ಕಸ್ಟಡಿ ಅಂದ್ರೆ ಒಂದೇ ಥರ ಅಲ್ಲಮ್ಮಾ,” ಎಂದು ವಕೀಲರು ತಮಿಳಿನಲ್ಲಿ ಬಿಡಿಸಿ ಹೇಳಿದರು. “ಮಗು ಯಾರ ಮನೆಯಲ್ಲಿ ಮಲಗಿ ಏಳುತ್ತೆ ಅನ್ನೋದು ಒಂದು. ಯಾವ ಸ್ಕೂಲು, ಯಾವ ಡಾಕ್ಟರು, ರುಜು ಯಾರದು ಅನ್ನೋದು ಇನ್ನೊಂದು. ಎರಡನ್ನೂ ಒಬ್ಬರಿಗೇ ಕೊಡಬಹುದು. ಇಲ್ಲಾ, ಇರೋದು ಒಬ್ಬರ ಹತ್ತಿರ, ತೀರ್ಮಾನ ಇಬ್ಬರದೂ. ಇಲ್ಲಾ, ಜಂಟಿ, ಸ್ವಲ್ಪ ದಿನ ಅಲ್ಲಿ, ಸ್ವಲ್ಪ ದಿನ ಇಲ್ಲಿ. ಮಗು ಹತ್ತಿರ ಇಲ್ಲದವರಿಗೆ ನೋಡೋ ಹಕ್ಕು ಇದ್ದೇ ಇರುತ್ತೆ.”

“ನೋಡೋ ಹಕ್ಕಾ? ಹೆತ್ತೋಳಿಗಾ?” ರಾಧಮ್ಮ ಹುಬ್ಬೇರಿಸಿದರು. ಸೊಸೆಯ ಮೇಲೆ ಅವರಿಗೆ ಪ್ರೀತಿ ಉಕ್ಕಿ ಹರಿದದ್ದೇನೂ ಇಲ್ಲ. ಆದರೂ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. “ಮೃಗಾಲಯವೇನಪ್ಪಾ, ಟಿಕೆಟ್ ತಗೊಂಡು ನೋಡಿ ಹೋಗೋಕೆ?”

“ಕಾನೂನಿನ ಮಾತು ಅಮ್ಮಾ.”

“ಸರಿ, ಮಗು ಏನನ್ನುತ್ತೆ ಅನ್ನೋದು ಇದರಲ್ಲಿ ಯಾವ ಥರ?”

“ಅದು ಥರ ಅಲ್ಲ, ಒಂದು ಪ್ಯಾರಾ.” ವಕೀಲರು ಫೈಲು ತಟ್ಟಿ ನಕ್ಕರು. “ನಮ್ಮ ಕೇಸಲ್ಲಿ ಅದು ಬಂಗಾರದ ಪ್ಯಾರಾ. ಅಪ್ಪನ ಪಾಪ್ಪಾ! ಅದೊಂದಿದ್ದರೆ ಸಾಕು, ಎರಡು ಕಸ್ಟಡಿಯೂ ನಿಮಗೇ ಕೇಳ್ತೀನಿ. ಏನಂತೀರಿ ಅರವಿಂದ್?”

“ನೋಡೋಣ ಸಾರ್,” ಎಂದ ಅರವಿಂದ.

ಹಿಂತಿರುಗುವಾಗ ಆಟೋದಲ್ಲಿ ರಾಧಮ್ಮ ಕೇಳಿದರು. “ಏನ್ಡಾ ‘ನೋಡೋಣ’? ಗೆದ್ದವನ ಮುಖವಾ ಇದು?”

ಅವನು ಹೊರಗೆ ನೋಡಿದ. ಮುಚ್ಚಿದ ಗಿರಣಿಯೊಂದರ ಗೋಡೆ ಉದ್ದಕ್ಕೂ ಹಿಂದೆ ಸರಿಯುತ್ತಿತ್ತು.

ಶನಿವಾರದ ಸರದಿ ಸಿಂಗಾನಲ್ಲೂರು ಬಸ್‌ಸ್ಟ್ಯಾಂಡಿನಲ್ಲಿ. ಗೋಮತಿ ಬರಲಾಗದ ದಿನ ಅವಳ ತಂದೆ ವೇಲುಸಾಮಿ ಬರುತ್ತಿದ್ದರು. ವೆಳ್ಳಕೋಯಿಲ್ ಕಡೆಯ ರೈತ, ಬಿಳಿ ಪಂಚೆ, ಹೆಗಲಲ್ಲಿ ಟವೆಲ್ಲು. ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಕಾಯುತ್ತಿರುತ್ತಿದ್ದರು. ಒಂಬತ್ತು ವರ್ಷ ಅರವಿಂದನನ್ನು ‘ಮಾಪ್ಪಿಳ್ಳೆ’, ಅಳಿಯಂದಿರೇ, ಎಂದು ಕರೆದ ಬಾಯಿ. ಈಗ ‘ಮಾಪ್’ ಎಂದು ಶುರುಮಾಡಿ ನುಂಗಿಕೊಂಡು, “ತಂಬಿ, ಚೆನ್ನಾಗಿದ್ದೀರಾ?” ಎನ್ನುತ್ತಿತ್ತು.

“ಚೆನ್ನಾಗಿದೀನಿ.”

“ನಮ್ಮ ಕಾಲುವೆ ನೀರಿನ ಹಾಗೆ ಆಯ್ತು ನೋಡಿ ತಂಬಿ. ಸರದಿ ಬಂದ ದಿನ ತೂಬು ತೆಗೀಬೇಕು, ಹೊತ್ತು ಮುಗಿದ್ರೆ ಮುಚ್ಚಬೇಕು. ನಾವು ಕಡೇ ಹೊಲದವರು. ನೀರು ನಮ್ಮ ಹೊಲ ಮುಟ್ಟೋಷ್ಟರಲ್ಲಿ ಮುಚ್ಚೋ ಹೊತ್ತು ಬಂದಿರುತ್ತೆ.” ಮುದುಕರ ದನಿಯಲ್ಲಿ ಕುಟುಕು ಇರಲಿಲ್ಲ. ಮೊಮ್ಮಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು, “ಬಾಮ್ಮಾ ಅಮ್ಮಣಿ,” ಎಂದರು.

“ಅಪ್ಪುಚ್ಚಿ, ಆಡು ಮರಿ ಹಾಕ್ತಾ?” ಎಂದು ಇನಿಯಾ ತಾತನನ್ನು ಕೇಳಿದಳು.

“ಎರಡು! ಒಂದಕ್ಕೆ ನಿನ್ನ ಹೆಸರು ಇಟ್ಟಿದ್ದೀವಿ. ಅದೂ ನಿನ್ನ ಹಾಗೇ ಊಟಕ್ಕೆ ಹಟ ಮಾಡುತ್ತೆ.”

ಹಟವೇ? ಅರವಿಂದ ನಿಂತು ಯೋಚಿಸಿದ. ಎರಡು ತಿಂಗಳಲ್ಲಿ ಇನಿಯಾ ಒಂದು ಹೊತ್ತೂ ಊಟಕ್ಕೆ ಹಟ ಮಾಡಿರಲಿಲ್ಲ. ಹಾಗಲಕಾಯಿ ಗೊಜ್ಜು ಹಾಕಿದರೂ ಮಾತಿಲ್ಲದೆ ತಿಂದು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು.

ಮರುದಿನ ಸಂಜೆ ಅವನು ಐದಕ್ಕೆ ಮುಂಚೆಯೇ ಹೋಗಿ ನಿಂತಿದ್ದ. ಬಸ್ಸು ಒಳಗೆ ತಿರುಗುವಾಗ ಕಿಟಕಿಯಲ್ಲಿ ಇನಿಯಾ ಕಂಡಳು. ಪಕ್ಕದಲ್ಲಿ ಗೋಮತಿ. ಮಗಳು ಬಾಯಿತುಂಬ ನಗುತ್ತಿದ್ದಳು, ತಲೆ ಹಿಂದಕ್ಕೆ ಹಾಕಿ, ಮುರಿದ ಹಲ್ಲಿನ ಕಂಡಿ ಕಾಣುವ ಹಾಗೆ. ಬಸ್ಸು ನಿಂತಿತು. ಅವಳ ಕಣ್ಣು ಅವನ ಮೇಲೆ ಬಿತ್ತು. ಕೈಯ ಹಿಂಬದಿಯಿಂದ ಬಾಯಿ ಒರೆಸಿಕೊಂಡಳು, ಏನೋ ತಿಂದದ್ದನ್ನು ಒರೆಸುವಂತೆ. ಕೈ ತೆಗೆದಾಗ ಅಲ್ಲಿ ನಗುವಿರಲಿಲ್ಲ.

“ಹೇಗಿತ್ತು ಊರು?” ಎಂದು ದಾರಿಯಲ್ಲಿ ಕೇಳಿದ.

“ಸುಮಾರಾಗಿತ್ತಪ್ಪ,” ಎಂದಳು ಇನಿಯಾ.

ಆಗಸ್ಟಿನಲ್ಲಿ ರಾಧಮ್ಮನಿಗೆ ಒಂದು ಹುಮ್ಮಸ್ಸು ಬಂತು. ಇನಿಯಾಳಿಗೆ ಅರಿಸಿಂಪರುಪ್ಪು ಸಾದ ಎಂದರೆ ಪ್ರಾಣ. ಅಕ್ಕಿ, ತೊಗರಿಬೇಳೆ ಒಟ್ಟಿಗೆ ಬೇಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿದ, ಗೋಮತಿಯ ತವರಿನ ಕಡೆಯ ಅನ್ನ. ರಾಧಮ್ಮ ಭಾನುವಾರ ಬೆಳಿಗ್ಗೆ ಎಂಟಕ್ಕೇ ಅಡಿಗೆಮನೆ ಹೊಕ್ಕು, ಹನ್ನೊಂದಕ್ಕೆ ಬೆವರೊರೆಸುತ್ತ ಹೊರಗೆ ಬಂದರು. ತುಪ್ಪ ಹಾಕಿ ಬಡಿಸಿದರು.

“ಹೇಗಿದೆ ಕಣ್ಣು?”

“ಅಮ್ಮ ಮಾಡಿದ ಹಾಗೇ ಇದೆ ಅಜ್ಜಿ,” ಎಂದಳು ಇನಿಯಾ. ಎರಡನೆಯ ಸಲ ಹಾಕಿಸಿಕೊಂಡು ತಿಂದಳು. ಕೈ ತೊಳೆದು ಆಡಲು ಹೋದಳು.

ರಾಧಮ್ಮ ಸೌಟು ಹಿಡಿದೇ ನಿಂತಿದ್ದರು.

“ಅರವಿಂದಾ.”

“ಹ್ಞೂ.”

“ನಮ್ಮನೇಲಿ ಬೆಳ್ಳುಳ್ಳಿ ತರಲ್ಲ. ನಾನು ಹಾಕೂ ಇಲ್ಲ. ಬೆಳ್ಳುಳ್ಳಿ ಇಲ್ದೆ ಅದು ಹೇಗೋ ಅವಳಮ್ಮ ಮಾಡಿದ ಹಾಗಾಗುತ್ತೆ?”

ಅವನು ತುಪ್ಪದ ಬಟ್ಟಲಿಗೆ ಮುಚ್ಚಳ ಹಾಕಿದ.

“ನೆಂಟರ ಮನೇಲಿ ಉಣ್ಣೋರ ಹಾಗೆ ಉಣ್ಣುತ್ತೆ ಕಣೋ ಮಗು. ನಾವು ಅದನ್ನ ನೋಡ್ಕೋತಿಲ್ಲ. ಅದು ನಮ್ಮನ್ನ ನೋಡ್ಕೋತಿದೆ. ಬಾಯಿ ಬಿಡೋ! ಗೋಮತಿ ತಲೆ ಚಚ್ಕೊಂಡು ಹೋದ್ಲು, ಈಗ ನಾನು ಚಚ್ಕೋಬೇಕಾ?”

“ಬೆಳ್ಳುಳ್ಳಿ ತರ್ತೀನಿ ಬಿಡಮ್ಮ,” ಎಂದ ಅವನು.

“ತಗೊಂಡು ಬಾ. ತಂದು ನನ್ನ ತಲೆ ಮೇಲೆ ಸುರಿ,” ಎಂದು ರಾಧಮ್ಮ ಸೌಟನ್ನು ಪಾತ್ರೆಗೆ ಬಡಿದು ಒಳಗೆ ಹೋದರು.

ಸೆಪ್ಟೆಂಬರ್ ಮೊದಲ ಸೋಮವಾರ. ಅಷ್ಟರಲ್ಲಿ ಜಡೆ ಅವನ ಕೈಗೆ ಒಗ್ಗಿತ್ತು. ಮಗಳು ನೆಲದ ಮೇಲೆ, ಅವನು ಹಿಂದೆ ಸ್ಟೂಲಿನ ಮೇಲೆ. ಮುಖ ಕಾಣುತ್ತಿರಲಿಲ್ಲ, ಅದರಿಂದಲೇ ಕೇಳಲು ಸಾಧ್ಯವಾಯಿತು.

“ಇನಿ, ಅವತ್ತು ಕೋರ್ಟಲ್ಲಿ ಆ ಆಂಟಿ ಹತ್ರ ಏನಂದೆ?”

ಅವಳ ಕುತ್ತಿಗೆ ಬಿಗಿಯಿತು. “ನಾನು ಅಮ್ಮ ಬೇಡ ಅನ್ನಲಿಲ್ಲಪ್ಪ.”

“ಗೊತ್ತು. ಏನಂದೆ?”

“ಅಪ್ಪ ಪಾಪ ಅಂದೆ.”

ಬಾಚಣಿಗೆ ಬೈತಲೆಯ ನಡುವೆ ನಿಂತಿತು.

“ಯಾಕೆ ಕಣ್ಣು?”

“ಅಮ್ಮಂಗೆ ಅಪ್ಪುಚ್ಚಿ ಇದಾರೆ. ಸ್ಕೂಲಲ್ಲಿ ಟೀಚರ್ಸ್ ಎಲ್ಲಾ ಫ್ರೆಂಡ್ಸು. ಆಡು, ಮರಿ ಎಲ್ಲಾ ಇದೆ. ನೀನು ಯಾರ ಹತ್ರಾನೂ ಮಾತಾಡಲ್ಲ ಅಲ್ವಾ. ಅಜ್ಜಿ ಬೈತಾರೆ ಅಷ್ಟೆ.” ಅವಳು ರಿಬ್ಬನ್ನನ್ನು ಬೆರಳಿಗೆ ಸುತ್ತುತ್ತ ಹೇಳಿದಳು. “ನಾನಿದ್ರೆ ಸ್ವಲ್ಪ ಮಾತಾಡ್ತೀಯ.”

“ಅಲ್ಲಿ ಅಮ್ಮನ ಜೊತೆ ಇರೋಕೆ ಇಷ್ಟಾನಾ?”

ಹೊರಗೆ ತರಕಾರಿ ಗಾಡಿಯವನು ಮೈಕಿನಲ್ಲಿ ಈರುಳ್ಳಿಯ ಬೆಲೆ ಕೂಗಿಕೊಂಡು ಹೋದ.

“ನಿಂಗೆ ಬೇಜಾರಾಗಲ್ವಾ?” ಎಂದು ಕೇಳಿದಳು ಇನಿಯಾ.

ಅವನು ಜಡೆ ಮುಗಿಸಿದ. ಎರಡೂ ಸಮವಾಗಿ ಬಂದಿದ್ದವು. ಆ ದಿನ ಮರದ ಹಿಂದೆ ಅವಳು ರಿಬ್ಬನ್ ಬಿಚ್ಚಲಿಲ್ಲ.

ಕಚೇರಿಯಿಂದ ವಕೀಲರಿಗೆ ಫೋನು ಮಾಡಿದ. ಮಗು ವೆಳ್ಳಕೋಯಿಲಿನಲ್ಲಿ ತಾಯಿಯ ಹತ್ತಿರ ಇರಲಿ, ತೀರ್ಮಾನಗಳಿಗೆ ರುಜು ಇಬ್ಬರದೂ, ಶನಿವಾರದ ಸರದಿ ತನಗೆ, ರಜದಲ್ಲಿ ಅರ್ಧ ತನಗೆ ಎಂದ.

“ಹುಚ್ಚು ಹಿಡಿದಿದೆಯಾ ಸಾರ್? ಕೈಯಲ್ಲಿ ಬಂಗಾರದಂಥ ಪ್ಯಾರಾ ಇಟ್ಟುಕೊಂಡು? ಕಾರಣ ಏನಂತ ಬರೀಲಿ?”

“ತಾಯಿ ಅದೇ ಸ್ಕೂಲಲ್ಲಿ ಟೀಚರು. ಮಗೂಗೆ ಅನುಕೂಲ. ಹಾಗೆ ಬರೀರಿ.”

ರಾಧಮ್ಮನಿಗೆ ಹೇಳಿದಾಗ ಅವರು ಕಾಫಿ ಸೋಸುತ್ತಿದ್ದರು.

“ಕೋರ್ಟೇ ಕೊಟ್ಟ ಮಗೂನ ಕೈಯಾರೆ ಬಿಟ್ಟುಕೊಡ್ತೀಯಾ? ಅಪ್ಪನ ಪಾಪ್ಪಾ ಅಂದ ಮಗೂನಾ?”

“ಹ್ಞೂ.”

“ಯಾಕೆ ಅಂತ ಹೇಳು. ಒಂದು ಮಾತು ಹೇಳು, ನಾನು ಸುಮ್ಮನಾಗ್ತೀನಿ.”

ಅವನು ಲೋಟಕ್ಕೆ ಕೈ ಚಾಚಿದ. ಅವರು ಕೊಡಲಿಲ್ಲ. ಆ ಕಾಫಿಯನ್ನು ಸಿಂಕಿಗೆ ಸುರಿದು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದರು. ನಾಲ್ಕು ದಿನ ಮಗನೊಡನೆ ಮಾತಾಡಲಿಲ್ಲ. ಅವನ ಮನೆಯಲ್ಲಿ ಅದು ಯಾರಿಗೂ ಶಿಕ್ಷೆಯಂತೆ ಕಾಣಲಿಲ್ಲ. ಐದನೆಯ ದಿನ ಮೊಮ್ಮಗಳ ಬಟ್ಟೆ ತಾವೇ ಮಡಿಸಿಟ್ಟರು. ಊದಿದ ಬೆರಳಲ್ಲಿ ಚಕ್ಕುಲಿ ಒತ್ತಿ ಡಬ್ಬಿಗೆ ತುಂಬಿದರು.

“ಡಬ್ಬಿ ವಾಪಸ್ ಕೊಡೋದು ಬೇಡ ಅಂತ ಗೋಮತಿಗೆ ಹೇಳು,” ಎಂದರು, ಅವನ ಕಡೆ ನೋಡದೆ. “ಸ್ಟೀಲಿಂದು. ಮಗೂಗೇ ಇರಲಿ.”

ಪರೀಕ್ಷೆ ಮುಗಿಯಿತು. ಕೋರ್ಟಿನಲ್ಲಿ ರುಜು ಹಾಕುವುದು ಹತ್ತು ನಿಮಿಷದ ಕೆಲಸವಾಗಿತ್ತು. ನ್ಯಾಯಾಧೀಶರು ತಲೆ ಎತ್ತಿ, ಇಂಥ ತಂದೆ ಅಪರೂಪ ಎಂದರು. ಮಲ್ಲಿಗಾ ಮೇಡಂ ಕಾರಿಡಾರಿನಲ್ಲಿ ಕೈಮುಗಿದರು. ವೇಲುಸಾಮಿ ಅವನ ಎರಡೂ ಕೈ ಹಿಡಿದುಕೊಂಡು, “ಮಾಪ್ಪಿಳ್ಳೆ,” ಎಂದರು, ಈ ಸಲ ನುಂಗಿಕೊಳ್ಳದೆ.

ಮಧ್ಯಾಹ್ನ ಎಲ್ಲರೂ ಸಿಂಗಾನಲ್ಲೂರು ಬಸ್‌ಸ್ಟ್ಯಾಂಡಿಗೆ ಬಂದರು. ಕರೂರು ಬಸ್ಸು ನಿಂತಿತ್ತು. ವೇಲುಸಾಮಿ ಮೊಮ್ಮಗಳನ್ನು ಹತ್ತಿಸಿ ಸೀಟು ಹಿಡಿದರು. ಗೋಮತಿ ಕೆಳಗೇ ಉಳಿದಳು. ಅವಳ ಕೈಯಲ್ಲಿ ಚಕ್ಕುಲಿಯ ಡಬ್ಬಿ ಇತ್ತು.

“ಒಂದು ಮಾತು ಹೇಳಬೇಕು,” ಎಂದಳು ತಮಿಳಿನಲ್ಲಿ. “ಆ ವರದಿ ಓದಿದ ದಿನ ನಾನು ಸತ್ತೇ ಹೋದೆ ಅನ್ನಿಸಿತು. ಜ್ವರ ಬಂದ್ರೆ ನಾನು, ಹೋಂವರ್ಕ್‌ಗೆ ನಾನು. ಕೊನೆಗೆ ಅಪ್ಪನ ಪಾಪ್ಪಾ ಅಂತ ಹೇಳಿ ಬಂದಳು. ನಾನು ಎಲ್ಲಿ ತಪ್ಪಿದೆ ಅಂತ ದಿನಾ ಹುಡುಕ್ತೀನಿ. ಪಾಠ ಹೇಳ್ತಾ ಹೇಳ್ತಾ ಹುಡುಕ್ತೀನಿ.”

ಅರವಿಂದ ಕೇಳುತ್ತ ನಿಂತ.

“ಅವಳನ್ನ ಕೇಳಿಲ್ಲ. ಮುಂದೇನೂ ಕೇಳಲ್ಲ. ಕೇಳಿದ್ರೆ ಮಗು ಮನಸ್ಸು ಒಡೆಯುತ್ತೆ.” ಅವಳು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದಳು. “ಅವಳು ಅಷ್ಟು ಹೇಳಿದ ಮೇಲೂ ನೀವು ಬಿಟ್ಟುಕೊಟ್ರಿ. ನನ್ನಿಂದ ಆಗ್ತಿರಲಿಲ್ಲ. ನಿಮ್ಮದು ದೊಡ್ಡ ಮನಸ್ಸು.”

“ಕಾಂಗೇಯಂ, ವೆಳ್ಳಕೋಯಿಲ್, ಕರೂರ್!” ಎಂದು ಕಂಡಕ್ಟರ್ ಕೂಗಿ ಬಾಗಿಲನ್ನು ಬಡಿದ.

ಗೋಮತಿ ಹತ್ತಲಿಲ್ಲ. ಅವನ ಮುಖ ನೋಡುತ್ತ ನಿಂತಳು. ಒಂಬತ್ತು ವರ್ಷ ಊಟದ ತಟ್ಟೆಯ ಎದುರು, ಕಪಾಟಿನ ಎದುರು, ಬಾಗಿಲ ಬಳಿ ಹಾಗೆಯೇ ನಿಂತಿದ್ದಳು, ಈಗ ಏನಾದರೂ ಅನ್ನುತ್ತಾನೆ ಎಂದು. ಅವನ ಬಾಯಿ ಅರ್ಧ ತೆರೆಯಿತು.

“ಕಿಟಕಿ ಪಕ್ಕ ಕೂರಿಸು,” ಎಂದ. “ಇಲ್ದಿದ್ರೆ ವಾಂತಿ ಮಾಡ್ಕೋತಾಳೆ.”

“ಗೊತ್ತು,” ಎಂದಳು ಗೋಮತಿ, ಮತ್ತು ಹತ್ತಿದಳು.

ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಕಿಟಕಿಯಲ್ಲಿ ಇನಿಯಾ ಅಜ್ಜನ ಯಾವುದೋ ಮಾತಿಗೆ ನಗುತ್ತಿದ್ದಳು. ಅವನನ್ನು ಕಂಡು ಅವಳ ಕೈ ಬಾಯಿಯ ಕಡೆ ಹೋಗತೊಡಗಿತು. ಅವನು ಬೇಗ ಬೇಗ ಎರಡೂ ಕೈಯೆತ್ತಿ, ಹಲ್ಲು ಕಾಣುವಂತೆ ನಕ್ಕ. ಪಕ್ಕದ ಹೂವಿನವಳು ತಿರುಗಿ ನೋಡುವಷ್ಟು ನಕ್ಕ. ಮಗಳ ಕೈ ಅರ್ಧದಲ್ಲಿ ನಿಂತಿತು, ಆಮೇಲೆ ಬೀಸಿತು.

ಅದಾದ ಮೇಲೆ ಎಷ್ಟೋ ಶನಿವಾರಗಳು ಬಂದು ಹೋದವು. ಅದೇ ಬಸ್‌ಸ್ಟ್ಯಾಂಡಿನಲ್ಲಿ ಗೋಮತಿಯ ಎದುರು ನಿಂತು ಅವನು ಶಾಲೆಯ ಮಾತು, ಜ್ವರದ ಮಾತ್ರೆಯ ಮಾತು, ಮಳೆಯ ಮಾತು ಆಡಿದ. ಮಗಳು ಅವತ್ತು ಅಂದದ್ದು ಪಾಪ್ಪಾ ಅಲ್ಲ, ಪಾಪ ಎಂದು ಮಾತ್ರ ಅವನು ಅವಳಿಗೆ ಹೇಳಲೇ ಇಲ್ಲ.